ವೈನ್ ನೀತಿಯಲ್ಲಿ ತಳಿಗೆ ಜಾಗವೆಲ್ಲಿ?



ಅಕ್ಟೋಬರ್‌ನಲ್ಲಿ ಬಳ್ಳಿ ಸವರುವ ಚಾಟ್ನಿ ಮುಗಿದು ಹೊಸ ಚಿಗುರು ಬರುವ ಹೊತ್ತಿಗೆ ಮಳೆ ಹಿಡಿದರೆ ದ್ರಾಕ್ಷಿ ಪಡಕ್ಕೆ ದಾವಣಿ ರೋಗ ತಗಲುತ್ತದೆ. ಎಲೆಯ ಮೇಲೆ ಎಣ್ಣೆ ಚೆಲ್ಲಿದಂಥ ಹಳದಿ ಕಲೆ, ಅಡಿಯಲ್ಲಿ ಬಿಳಿ ಬೂಜು; ಹೂಗೊಂಚಲಿಗೆ ಹಬ್ಬಿದರೆ ಆ ವರ್ಷದ ಬೆಳೆ ಹೋದಂತೆಯೇ. 2009ರ ನವೆಂಬರ್‌ನ ಅಕಾಲಿಕ ಮಳೆ ನೆರೆಯ ಮಹಾರಾಷ್ಟ್ರದ ಪಡಗಳನ್ನು ಹೀಗೆಯೇ ಕೆಡಿಸಿತು. ಮಳೆ ಸರಿದು ಹವೆ ಒಣಗಿದ ಮೇಲೆ ಬೂದಿ ರೋಗದ ಸರದಿ. ಔಷಧ ಹೊಡೆಯುವ ಪಂಪು ಬೆಳೆಗಾರನ ಬೆನ್ನಿನಿಂದ ಇಳಿಯುವುದೇ ಇಲ್ಲ.

ಕರ್ನಾಟಕ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು, ವೈನ್ ಮಂಡಳಿಯೂ ಬಂತು. ಅಂದಿನಿಂದ ವೈನರಿ, ಮಳಿಗೆ, ಮೇಳಗಳ ಮಾತು ಸಾಕಷ್ಟು ನಡೆದಿದೆ. ಯಾವ ಬಳ್ಳಿ ನೆಡಬೇಕು ಎಂಬ ಮಾತು ಮಾತ್ರ ಹಿಂದೆ ಬಿದ್ದಿದೆ. ವೈನರಿಗಳು ಕೇಳುವುದು ಕ್ಯಾಬರ್ನೆ ಸಾವಿನ್ಯೋ, ಶಿರಾಜ್, ಸಾವಿನ್ಯೋ ಬ್ಲಾಂಕ್. ಇವೆಲ್ಲ ಯುರೋಪಿನ ವೈಟಿಸ್ ವಿನಿಫೆರಾ ಜಾತಿಯವು. ದಾವಣಿ, ಬೂದಿ ಎರಡೂ ಉತ್ತರ ಅಮೆರಿಕದ ರೋಗಗಳು. ಅಲ್ಲಿನ ಕಾಡುಬಳ್ಳಿಗಳು ಅವುಗಳ ಜೊತೆಗೇ ಬಾಳಿ ತಾಳುವ ಗುಣ ಪಡೆದವು. ಯುರೋಪಿನ ಬಳ್ಳಿಗೆ ಹತ್ತೊಂಬತ್ತನೆಯ ಶತಮಾನದವರೆಗೆ ಅವುಗಳ ಪರಿಚಯವೇ ಇರಲಿಲ್ಲ. ಡಾಗ್ರಿಜ್ ಬೇರುಸಸಿಗೆ ಕಸಿ ಕಟ್ಟಿದರೆ ಬಳ್ಳಿ ಬರವನ್ನೂ ಸವುಳು ನೀರನ್ನೂ ತಡೆಯುತ್ತದೆ, ನಿಜ. ಆದರೆ ಬೇರಿನ ಗುಣ ಎಲೆಗೇರಿ ದಾವಣಿಯನ್ನು ನಿಲ್ಲಿಸುವುದಿಲ್ಲ. ಅದಕ್ಕೆ ಸಂಕರವೇ ಆಗಬೇಕು.

ಆ ಕೆಲಸ ಕರ್ನಾಟಕದಲ್ಲೇ ನಡೆದಿದೆ. ಅಮೆರಿಕದ ಲಾಬ್ರಸ್ಕಾ ಮೂಲದ ಬೆಂಗಳೂರು ಬ್ಲೂ ತಳಿ ಚಿಬ್ಬು ಎಂಬ ಇನ್ನೊಂದು ರೋಗವನ್ನು ತಾಳುತ್ತದೆ, ಆದರೆ ಅದರ ಘಾಟು ವಾಸನೆ ಸಿಹಿ ಪೋರ್ಟ್ ವೈನ್‌ಗಷ್ಟೇ ಒಗ್ಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದನ್ನು ಬ್ಲ್ಯಾಕ್ ಚಂಪಾ ಜೊತೆ ಕೂಡಿಸಿ ಅರ್ಕಾ ಶ್ಯಾಮ್, ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್ ಜೊತೆ ಕೂಡಿಸಿ ಅರ್ಕಾ ತೃಷ್ಣಾ, ಅನಾಬ್-ಎ-ಶಾಹಿ ಜೊತೆ ಕೂಡಿಸಿ ಅರ್ಕಾ ಹಂಸ ತಳಿಗಳನ್ನು ರೂಪಿಸಿತು. ಮೂರೂ ವೈನ್‌ಗೆ ಸಲ್ಲುವಂಥವು. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆ ಕಟಾಬಾ ಮತ್ತು ಬ್ಯೂಟಿ ಸೀಡ್‌ಲೆಸ್‌ಗಳಿಂದ ಶಿಲೀಂಧ್ರ ತಾಳುವ ಎಆರ್‌ಐ-516 ಪಡೆದಿದೆ. ಆದರೂ ಉತ್ತರ ಕರ್ನಾಟಕದ ಪಡಗಳಲ್ಲಿ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಮರಿಗಳದೇ ರಾಜ್ಯಭಾರ. ಅರ್ಕಾ ತಳಿಗಳು ಕಾಣುವುದೇ ಅಪರೂಪ.

ಹೆಸರಾಂತ ತಳಿಯ ಚೀಟಿ ಇಲ್ಲದ ಬಾಟಲಿ ಮಾರಾಟವಾಗದು ಎಂಬ ವಾದ ಈಗ ಯುರೋಪಿನಲ್ಲೇ ಸಡಿಲಾಗುತ್ತಿದೆ. ಜರ್ಮನಿಯ ಗೈಲ್ವೈಲರ್‌ಹೋಫ್‌ನಲ್ಲಿ 1967ರಲ್ಲಿ ಸಂಕರಗೊಂಡ, ರೋಗ ತಾಳುವ ರೇಜೆಂಟ್ ತಳಿ ಬೆಳೆಗಾರರಿಗೆ ಸಿಕ್ಕಿದ್ದು 1990ರ ದಶಕದಲ್ಲಿ. ಫ್ರಾನ್ಸ್ 2018ರಲ್ಲಿ ಅರ್ತಬಾನ್, ಫ್ಲೋರೆಯಾಲ್, ವಿದೋಕ್, ವೋಲ್ತಿಸ್ ಎಂಬ ಇಂಥವೇ ತಳಿಗಳನ್ನು ತನ್ನ ಅಧಿಕೃತ ಪಟ್ಟಿಗೆ ಸೇರಿಸಿತು. ಇವುಗಳಲ್ಲಿ ಒಂದೊಂದು ರೋಗಕ್ಕೆ ಒಂದಕ್ಕಿಂತ ಹೆಚ್ಚು ಜೀನ್‌ಗಳನ್ನು ಜೋಡಿಸಲಾಗಿದೆ, ಅದಕ್ಕೆ ಕಾರಣವೂ ಉಂಟು: ಒಂದೇ ಜೀನ್ ನೆಚ್ಚಿದ್ದ ಬಿಯಾಂಕಾ ತಳಿಯ ರಕ್ಷಣೆಯನ್ನು ದಾವಣಿ ಮುರಿದದ್ದನ್ನು ಯುರೋಪಿನವರು ಕಂಡಿದ್ದಾರೆ. ತಾಳುವ ತಳಿಗೂ ಒಂದೆರಡು ಸಲ ಔಷಧ ಬೇಕಾಗುತ್ತದೆ. ಹತ್ತಾರು ಸಲ ಬೇಡ, ಅಷ್ಟೇ.

ನಮ್ಮ ಬಸವಕಲ್ಯಾಣ ತಾಲೂಕಿನಲ್ಲಿ ಇಂದು ತೊಗರಿ, ಸೋಯಾ, ಕಬ್ಬಿನದೇ ಮಾತು. ಶರಣರ ನೆಲದಲ್ಲಿ ವೈನ್ ಎಂದರೆ ಮುಖ ಸಿಂಡರಿಸುವವರೂ ಇದ್ದಾರೆ. ಅವರಿಗೂ ಅಡ್ಡಿಯಿಲ್ಲ: ಅರ್ಕಾ ಶ್ಯಾಮ್, ಎಆರ್‌ಐ-516 ಎರಡೂ ಹಣ್ಣಿನ ರಸಕ್ಕೆ ಬರುತ್ತವೆ. ಕಸಿ ಬಳ್ಳಿ ಫಲ ಕೊಡಲು ಎರಡು-ಮೂರು ವರ್ಷ ಹಿಡಿಯುತ್ತದೆ. ಆ ಅವಧಿಯ ನಷ್ಟವನ್ನು ಸಣ್ಣ ಹಿಡುವಳಿದಾರ ಒಬ್ಬನೇ ಹೊರಲಾರ. ಬೀದರ್‌ನ ಹಳ್ಳದಕೇರಿಯಲ್ಲಿ ತೋಟಗಾರಿಕೆ ಕಾಲೇಜಿದೆ. ವೈನ್ ಮಂಡಳಿ ಮೇಳಕ್ಕೆ ಸುರಿಯುವ ಹಣದಲ್ಲಿ ಒಂದಂಶವನ್ನು ತೆಗೆದಿಟ್ಟು, ಈ ತಳಿಗಳನ್ನು ಥಾಮ್ಸನ್ ಪಕ್ಕದಲ್ಲೇ ರೈತರ ಹೊಲದಲ್ಲಿ ನೆಡಿಸಿ, ಎಷ್ಟು ಸಲ ಔಷಧ ಹೊಡೆದರು, ಎಷ್ಟು ಹಣ್ಣು ಬಂತು, ರಸ ಹೇಗಿತ್ತು ಎಂಬ ಲೆಕ್ಕವನ್ನು ವರ್ಷವರ್ಷ ಕನ್ನಡದಲ್ಲಿ ಪ್ರಕಟಿಸಬೇಕು.

— ಓದುಗ, ನಾರಾಯಣಪುರ, ಬಸವಕಲ್ಯಾಣ ತಾಲೂಕು