ವಾರ್ಧಕ್ಯಕ್ಕೂ ಕಾಯಕ ಬೇಕು

ಕಾಯಕವೆಂಬ ಶಬ್ದದೊಳಗೇ ಕಾಯವಿದೆ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಗೆ ಈ ಹೆಸರನ್ನಿತ್ತು, ಅದನ್ನು ಪೂಜೆಗಿಂತ ಕೆಳಗಿನದೆಂದು ಎಣಿಸದೆ ಬಾಳಿದರು. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು. ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತರು. ಆಯ್ದಕ್ಕಿ ಮಾರಯ್ಯನವರು ನೆಲಕ್ಕೆ ಬಿದ್ದ ಅಕ್ಕಿಯನ್ನು ಬಾಗಿ ಬಾಗಿ ಆಯ್ದರು. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಇವರಲ್ಲಿ ಯಾರಾದರೂ ಕಾಯಕ ತೊರೆದರೆಂಬ ಕಥೆಯನ್ನು ನಾವು ಕೇಳಿಲ್ಲ.

ಹೀಗಿರುವಾಗ, ಶರಣಬಂಧುಗಳೇ, ಇಂದಿನ ನಮ್ಮ ಮನೆಗಳಲ್ಲಿ ಹಿರಿಯರಿಗೆ ಸಲ್ಲುತ್ತಿರುವ ಗೌರವದ ರೀತಿ ಕಳವಳವನ್ನುಂಟುಮಾಡುತ್ತದೆ. ಬೆಂಗಳೂರಿನ ತ್ಯಾಗರಾಜನಗರದಂತಹ ಹಳೆಯ ಬಡಾವಣೆಯನ್ನೇ ನೋಡಿ. ನಿವೃತ್ತರು, ಅಜ್ಜ ಅಜ್ಜಿಯರು ಬಹಳ ಮಂದಿ ಇರುವ ಪ್ರದೇಶವಿದು. ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ: “ಅಪ್ಪಾ, ನೀವು ಏಳಬೇಡಿ, ನಾನು ತರುತ್ತೇನೆ.” “ಅಮ್ಮಾ, ಅದನ್ನೆಲ್ಲ ಕೆಲಸದವರು ಮಾಡುತ್ತಾರೆ, ನೀವು ಸುಮ್ಮನೆ ಕುಳಿತಿರಿ.” ಹಾಲು ಬಾಗಿಲಿಗೆ ಬರುತ್ತದೆ, ಸೊಪ್ಪು, ಹಣ್ಣು ಫೋನಿನಲ್ಲಿ ತಿಳಿಸಿದರೆ ಮನೆ ಸೇರುತ್ತವೆ, ಕುಡಿಯುವ ನೀರೂ ಕುರ್ಚಿಯ ಬಳಿಗೇ ಬರುತ್ತದೆ. ಇದರಲ್ಲಿ ಭಕ್ತಿಯಿದೆ, ಅಲ್ಲವೆನ್ನಲಾಗದು. ಆದರೆ ಈ ಭಕ್ತಿಯು ಹಿರಿಯರ ಕಾಯಕವನ್ನು ಕಸಿದುಕೊಳ್ಳುತ್ತಿದೆ. ಕಾಯಕದೊಡನೆ ಕಾಲಿನ ಬಲವೂ ಹೋಗುತ್ತಿದೆ ಎಂಬುದು ನಮ್ಮ ಅಭಿಪ್ರಾಯ.

ಮಧ್ಯವಯಸ್ಸು ದಾಟಿದಂತೆ ಮಾಂಸಖಂಡಗಳು ಕ್ರಮೇಣ ಕ್ಷೀಣಿಸುವುದು ಸಹಜ. ಬಳಸದೆ ಬಿಟ್ಟರೆ ಆ ಕ್ಷಯ ತೀವ್ರವಾಗುತ್ತದೆ. ಬಳಸಿದರೆ ಎಪ್ಪತ್ತರಲ್ಲಿಯೂ ಎಂಬತ್ತರಲ್ಲಿಯೂ ಬಲವನ್ನು ಮರಳಿ ಪಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರತಂದ ಮಾರ್ಗಸೂಚಿಯು 65 ದಾಟಿದವರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು, ಎರಡು ದಿನವಾದರೂ ಸ್ನಾಯುಬಲ ಹೆಚ್ಚಿಸುವ ಚಟುವಟಿಕೆಯನ್ನು, ಮೂರು ದಿನವಾದರೂ ಸಮತೋಲನ ಕಾಯುವ ಅಭ್ಯಾಸವನ್ನು ವಿಧಿಸುತ್ತದೆ. ನಡಿಗೆಯೊಂದೇ ಸಾಲದು ಎಂಬ ಕಡೆಯ ಮಾತನ್ನು ಕೃಷ್ಣರಾವ್ ಉದ್ಯಾನದಲ್ಲಿ ನಿತ್ಯ ಸುತ್ತು ಹಾಕುವವರೂ ಗಮನಿಸಬೇಕು.

ಇದಕ್ಕೆ ವ್ಯಾಯಾಮಶಾಲೆಯೇ ಬೇಕೆಂದಿಲ್ಲ. ನೆಲದ ಮೇಲೆ ಕುಳಿತು ಏಳುವುದೇ ಒಂದು ದೊಡ್ಡ ಅಭ್ಯಾಸ. ಬ್ರೆಜಿಲ್ ದೇಶದ ವೈದ್ಯ ಕ್ಲಾಡಿಯೊ ಜಿಲ್ ಅರೌಜೊ ಮತ್ತು ಅವರ ಸಂಗಡಿಗರು 51ರಿಂದ 80 ವರ್ಷದೊಳಗಿನ 2,002 ಮಂದಿಯನ್ನು ನೆಲದ ಮೇಲೆ ಕೂರಿಸಿ, ಏಳಿಸಿ, ಕೈ ಅಥವಾ ಮೊಣಕಾಲು ಊರಿದಷ್ಟು ಸಲ ಅಂಕ ಕಳೆದು ಪರೀಕ್ಷಿಸಿದರು. ಆ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕಡಿಮೆ ಅಂಕ ಪಡೆದವರಲ್ಲಿ ಮುಂದಿನ ವರ್ಷಗಳಲ್ಲಿ ಮರಣ ಹೆಚ್ಚಾಗಿ ಕಂಡಿತು. ನೆಲದಲ್ಲಿ ಕುಳಿತ ಮಾತ್ರಕ್ಕೆ ಆಯುಷ್ಯ ಬೆಳೆಯುತ್ತದೆಂದು ಇದರಿಂದ ತೀರ್ಮಾನಿಸಲಾಗದು. ರೋಗವಿದ್ದವರಿಗೆ ಏಳುವುದು ಮೊದಲೇ ಕಷ್ಟ. ಆದರೂ ಕಾಲಿನ ಬಲ, ಕೀಲಿನ ಬಾಗುವಿಕೆ, ಸಮತೋಲನ ಇವು ಮೂರನ್ನೂ ಒಂದೇ ಕ್ರಿಯೆ ತೋರಿಸಿಕೊಡುತ್ತದೆ. ನಮ್ಮ ಹಿರಿಯರು ಮಣೆಯ ಮೇಲೆ ಕುಳಿತು ಉಣ್ಣುತ್ತಿದ್ದರು, ಚಾಪೆಯ ಮೇಲೆ ಕುಳಿತು ಇಷ್ಟಲಿಂಗ ಪೂಜಿಸುತ್ತಿದ್ದರು. ದಿನಕ್ಕೆ ಹತ್ತಾರು ಸಲ ಈ ಪರೀಕ್ಷೆ ಅವರಿಗೆ ತಾನಾಗಿಯೇ ನಡೆಯುತ್ತಿತ್ತು. ಸೋಫಾ ಬಂದ ಮೇಲೆ ಅದು ನಿಂತಿತು. ಪೂಜೆಯ ವೇಳೆಯಾದರೂ ನೆಲಕ್ಕಿಳಿಯಬಲ್ಲವರು ಇಳಿಯುವುದು ಒಳಿತು. ಮಂಡಿ ನೋವಿದ್ದವರು ಹಟ ಮಾಡಬಾರದು. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕುಳಿತರೂ ತೊಡೆಗೆ ಬಲ ಬರುತ್ತದೆ.

ಸಿದ್ಧಗಂಗೆಯ ಪರಮಪೂಜ್ಯ ಶಿವಕುಮಾರ ಮಹಾಸ್ವಾಮಿಗಳು 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದರು. ನೂರು ದಾಟಿದ ಮೇಲೂ ಬೆಳಗಾಗುವ ಮುನ್ನವೇ ಎದ್ದು ಲಿಂಗಪೂಜೆ ಮುಗಿಸಿ, ಮಿತಾಹಾರ ಸೇವಿಸಿ, ಭಕ್ತರನ್ನು ಕಾಣುತ್ತಿದ್ದ ಅವರ ದಿನಚರಿ ನಾಡಿಗೆಲ್ಲ ತಿಳಿದದ್ದೇ. ಯತಿಗಳ ಮಾತು ಬೇರೆ ಎನ್ನುವವರಿಗೆ ತ್ಯಾಗರಾಜನಗರದ ಆಸುಪಾಸಿನಲ್ಲೇ ಗೃಹಸ್ಥರ ನಿದರ್ಶನಗಳಿವೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿಯೂ ಗವಿಪುರದ ಮನೆಯಿಂದ ಕೊಡೆ ಹಿಡಿದು ಬಸವನಗುಡಿ ಕ್ಲಬ್ಬಿಗೆ ನಡೆದೇ ಹೋಗುತ್ತಿದ್ದರು. ಜಯನಗರದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಕಾಲೇಜಿನ ಸೇವೆಯಿಂದ ನಿವೃತ್ತರಾದ ಎಷ್ಟೋ ಕಾಲದ ಮೇಲೆ ‘ಇಗೋ ಕನ್ನಡ’ ಅಂಕಣ ಬರೆದರು. 2011ರಲ್ಲಿ, 97ನೆಯ ವಯಸ್ಸಿನಲ್ಲಿ, ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರು ನೂರರ ಆಸುಪಾಸಿನಲ್ಲಿಯೂ ಧರಣಿಗಳಲ್ಲಿ ಕುಳಿತರು. ಇಂತಹ ದೀರ್ಘಾಯುಷ್ಯ ಎಲ್ಲರಿಗೂ ದೊರೆಯದು. ಅದರಲ್ಲಿ ವಂಶದ ಪಾಲೂ ಇರುತ್ತದೆ. ಗಮನಿಸಬೇಕಾದದ್ದು ವರ್ಷಗಳ ಲೆಕ್ಕವನ್ನಲ್ಲ. ಬೆಳಗ್ಗೆ ಏಳಲು ಇವರೆಲ್ಲರಿಗೂ ಒಂದು ಕಾರಣವಿತ್ತು.

ಆಹಾರದ ವಿಚಾರದಲ್ಲಿ ಒಂದೇ ಮಾತು. ವಯಸ್ಸಾದಂತೆ ಊಟವನ್ನು ಅನ್ನ, ತಿಳಿಸಾರಿಗೆ ಇಳಿಸಿಬಿಡುವ ರೂಢಿ ಸಸ್ಯಾಹಾರಿಗಳಾದ ನಮ್ಮಲ್ಲಿ ಬಹಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.83 ಗ್ರಾಂ ಪ್ರೋಟೀನು ಬೇಕು; 60 ಕಿಲೋ ತೂಗುವವರಿಗೆ ಇದು ಸುಮಾರು 50 ಗ್ರಾಂ. ತಿಳಿಸಾರಿನಿಂದ ಅದು ಒದಗದು. ಹುರುಳಿ, ಅವರೆ, ಹೆಸರುಕಾಳಿನ ಉಸಲಿ, ಮೊಸರು, ಹಾಲು ಇವು ಎರಡೂ ಹೊತ್ತು ಇರಲಿ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ನಡೆಯಬೇಕು.

ಇನ್ನು ಬೀದಿಯ ಸ್ಥಿತಿ. ಹಿರಿಯರನ್ನು ನಡೆಯಿರೆಂದು ಹೇಳುವ ನಾವು ಕಾಲುದಾರಿಯ ಮೇಲೆ ಸ್ಕೂಟರ್ ನಿಲ್ಲಿಸುತ್ತೇವೆ. ಬಿದ್ದು ತೊಡೆಯ ಮೂಳೆ ಮುರಿದರೆ ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಆ ಭಯದಿಂದಲೇ ಹೊರಬಾರದವರು ಅನೇಕರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ತಾಯಂದಿರು ಮಗನನ್ನು ಹಣ ಕೇಳದೆ ಬಸ್ಸು ಹತ್ತಿ ಗುಡಿಗೋ ಗದ್ದುಗೆಗೋ ಹೋಗಿಬರುವಂತಾಯಿತು. ಅವರು ಮನೆಯಿಂದ ಬಸ್ ನಿಲ್ದಾಣದವರೆಗೆ ಎಡವದೆ ಹೋಗುವಂತೆ ಮಾಡುವುದೂ ದಾಸೋಹವೇ ಎಂದು ಭಾವಿಸಬಾರದೇಕೆ?

ಮನೆಯೊಳಗೆ ಮಾಡಬೇಕಾದದ್ದು ಇನ್ನೂ ಸರಳ. ಗಾಂಧಿ ಬಜಾರಿನಿಂದ ಹೂವು, ವಿಳ್ಯದೆಲೆ ತರುವ ಹೊಣೆ ಅಪ್ಪನವರಿಗಿರಲಿ. ಸೊಪ್ಪು ಬಿಡಿಸುವುದು, ಕಾಳು ನೆನೆಹಾಕುವುದು, ತುಳಸಿಗೆ ನೀರೆರೆಯುವುದು ಅವ್ವನವರ ಕೈಯಲ್ಲಿರಲಿ. ನಿಧಾನವಾದರೆ ಆಗಲಿ, ಕೊತ್ತಂಬರಿಯ ಕಟ್ಟು ತುಸು ಬಾಡಿದ್ದು ಬಂದರೂ ಏನೂ ಅನ್ನದೆ ಸಾರಿಗೆ ಹಾಕಿರಿ.