ಡರ್ಹಮಿನ ಬಾಗಿಲು

ಪುರಾತನ ಮಂದಿರಗಳನ್ನು ನೋಡಹೋಗುವವರು ಸಾಮಾನ್ಯವಾಗಿ ಅವುಗಳ ಎತ್ತರವನ್ನೂ ಕೆತ್ತನೆಯನ್ನೂ ಕೊಂಡಾಡಿ ಮರಳುವರು. ಆ ಕಲ್ಲುಗಳ ನಡುವೆ ಮನುಷ್ಯನು ಮನುಷ್ಯನನ್ನು ಹೇಗೆ ನಡೆಯಿಸಿಕೊಂಡನೆಂದು ವಿಚಾರಿಸುವವರು ವಿರಳ. ಇಂಗ್ಲೆಂಡಿನ ಉತ್ತರಭಾಗದಲ್ಲಿರುವ ಡರ್ಹಮ್ ಪಟ್ಟಣವು ಈ ವಿಚಾರಕ್ಕೆ ತಕ್ಕ ಸ್ಥಳವಾಗಿರುವುದು. ಅಲ್ಲಿ ಒಂದೇ ಗುಡ್ಡದ ನೆತ್ತಿಯ ಮೇಲೆ ಕೆಥೀಡ್ರಲ್, ಎಂದರೆ ಬಿಷಪ್ಪನ ಪೀಠವಿರುವ ಪ್ರಧಾನ ದೇವಾಲಯವೂ, ಒಂದು ಕೋಟೆಯೂ ಎದುರುಬದುರಾಗಿ ನಿಂತಿವೆ. 1986ರಲ್ಲಿ ಇವೆರಡನ್ನೂ ಜೊತೆಯಾಗಿಯೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ನಾವು ನಾಲ್ವರು ಸ್ನೇಹಿತರು ನ್ಯೂಕ್ಯಾಸಲ್ ನಗರದಿಂದ ಬೆಳಗಿನ ರೈಲಿನಲ್ಲಿ ಹೊರಟೆವು. ಕಾಲು ಗಂಟೆಯ ಪ್ರಯಾಣವಷ್ಟೆ. ನಿಲ್ದಾಣದಲ್ಲಿ ಇಳಿದೊಡನೆಯೇ ಮನೆಗಳ ಮಾಡುಗಳಾಚೆ ದೇವಾಲಯದ ಗೋಪುರಗಳು ಕಣ್ಣಿಗೆ ಬಿದ್ದುವು. ವಿಯರ್ ಎಂಬ ನದಿಯು ಗುಡ್ಡವನ್ನು ಮೂರು ಕಡೆಗಳಿಂದ ಬಳಸಿ ಹರಿಯುವುದರಿಂದ, ಶತ್ರುಗಳಿಗೆ ಅಂಜಿದವರು ಈ ಸ್ಥಳವನ್ನೇಕೆ ಆರಿಸಿಕೊಂಡರೆಂಬುದು ಯಾರೂ ಹೇಳದೆಯೇ ತಿಳಿಯುವಂತಿದೆ.

ಅಂಜಿದವರು ಸನ್ಯಾಸಿಗಳೇ ಆಗಿದ್ದರು. ಕತ್‌ಬರ್ಟ್ ಎಂಬ ಸಾಧುವು 687ರಲ್ಲಿ ತೀರಿಕೊಂಡನು. ಸಮುದ್ರದ ಕಡೆಯಿಂದ ವೈಕಿಂಗರ ದಾಳಿಗಳು ಹೆಚ್ಚಲು, ಲಿಂಡಿಸ್‌ಫಾರ್ನ್ ದ್ವೀಪದ ಸನ್ಯಾಸಿಗಳು 875ರಲ್ಲಿ ಅವನ ಶವಪೆಟ್ಟಿಗೆಯನ್ನು ಹೊತ್ತು ಹೊರಟರು. ಹಲವು ಕಡೆ ತಂಗಿದ ಬಳಿಕ ಆ ಪೆಟ್ಟಿಗೆಯು 995ರಲ್ಲಿ ಈ ಗುಡ್ಡವನ್ನು ಸೇರಿತು. ಈಗಿರುವ ದೇವಾಲಯವನ್ನು 1093ರಲ್ಲಿ ಆರಂಭಿಸಿ ಸುಮಾರು 40 ವರ್ಷಗಳಲ್ಲಿ ಪೂರೈಸಿದರು. ಒಳಗಿನ ಭಾರಿ ಕಂಬಗಳ ಮೇಲೆ ಅಂಕುಡೊಂಕು ಗೆರೆಗಳನ್ನೂ ವಜ್ರಾಕೃತಿಗಳನ್ನೂ ಕೊರೆದಿದ್ದಾರೆ. ಮೇಲ್ಛಾವಣಿಯಲ್ಲಿ ಒಂದನ್ನೊಂದು ಕತ್ತರಿಸಿ ಸಾಗುವ ಕಲ್ಲಿನ ಕಮಾನುಗಳು ಭಾರವನ್ನು ಕಂಬಗಳಿಗೆ ಇಳಿಸುವುವು. ಯುರೋಪಿನಲ್ಲಿ ಅಂದಿಗೆ ಇದು ಹೊಸ ಕೌಶಲವಾಗಿದ್ದಿತು.

ಉತ್ತರದ ಬಾಗಿಲಲ್ಲಿ ಸಿಂಹಮುಖದಂಥ ಒಂದು ಕಂಚಿನ ಬಡಿಗುಂಡು ಇದೆ. ಈಗ ತೂಗುತ್ತಿರುವುದು ಪ್ರತಿಕೃತಿ. ಮೂಲವಾದುದನ್ನು ಒಳಗೆ ಜೋಪಾನವಾಗಿ ಇರಿಸಿದ್ದಾರೆ. ಪೂರ್ವಕಾಲದಲ್ಲಿ ಕೊಲೆಮಾಡಿ ಓಡಿಬಂದವನು ಸಹ ಇದನ್ನು ಬಡಿದರೆ ಬಾಗಿಲು ತೆರೆಯುತ್ತಿದ್ದಿತು. ಅವನಿಗೆ ಕತ್‌ಬರ್ಟನ ಹಳದಿ ಶಿಲುಬೆಯಿದ್ದ ಕಪ್ಪು ನಿಲುವಂಗಿಯನ್ನು ಕೊಟ್ಟು, 37 ದಿನ ಅನ್ನವಿತ್ತು ಕಾಪಾಡುತ್ತಿದ್ದರು. ಆ ಅವಧಿಯೊಳಗೆ ಅವನು ನ್ಯಾಯಾಲಯಕ್ಕೆ ಒಪ್ಪಿಸಿಕೊಳ್ಳಬೇಕು, ಇಲ್ಲವೇ ರಾಜ್ಯವನ್ನು ಬಿಟ್ಟು ಹೋಗಬೇಕು. ಹಗೆಯವರ ಕೋಪವು ಆರಿ, ನ್ಯಾಯಕ್ಕೆ ಎಡೆಯಾಗಲೆಂದು ಇಟ್ಟ ಗಡುವು ಅದು.

"ಅಪರಾಧಿಗೇ ಇಷ್ಟು ದಯೆ ತೋರಿದವರು ನಿರಪರಾಧಿಗಳಿಗೆ ಇನ್ನೆಷ್ಟು ತೋರಿರಬೇಕು!" ಎಂದು ನಮ್ಮಲ್ಲಿ ಕಿರಿಯಳಾದವಳು ಉದ್ಗರಿಸಿದಳು. ಅವಳ ಮಾತಿಗೆ ಉತ್ತರವು ಒಳಗಿನ ಒಂದು ಗಡಿಯಾರದ ಬಳಿ ದೊರೆಯಿತು.

1650ರ ಸೆಪ್ಟೆಂಬರಿನಲ್ಲಿ ಡನ್‌ಬಾರ್ ಯುದ್ಧದಲ್ಲಿ ಕ್ರಾಮ್‌ವೆಲ್ಲನ ಸೈನ್ಯವು ಸ್ಕಾಟರನ್ನು ಸೋಲಿಸಿತು. ಸೆರೆಸಿಕ್ಕವರಲ್ಲಿ ಸುಮಾರು 3,000 ಮಂದಿಯನ್ನು ನಡೆಯಿಸಿಕೊಂಡು ಬಂದು, ಆಗ ಪೂಜೆ ನಿಂತು ಬರಿದಾಗಿದ್ದ ಈ ದೇವಾಲಯದಲ್ಲಿ ಕೂಡಿದರು. ಹಸಿವು, ಚಳಿ, ರಕ್ತಭೇದಿಗಳಿಂದ ಸುಮಾರು 1,700 ಮಂದಿ ಸತ್ತರೆಂದು ಅಂದಾಜು. ಮೈಕಾಯಿಸಿಕೊಳ್ಳಲು ಅವರು ಒಳಗಿನ ಮರದ ಸಾಮಾನುಗಳನ್ನೆಲ್ಲ ಒಡೆದು ಸುಟ್ಟರೆಂದೂ, ಈ ಗಡಿಯಾರದ ಮೇಲೆ ತಮ್ಮ ದೇಶದ ಲಾಂಛನವಾದ ಮುಳ್ಳುಹೂವನ್ನು ಕೆತ್ತಿದ್ದುದರಿಂದ ಇದನ್ನು ಮಾತ್ರ ಉಳಿಸಿದರೆಂದೂ ಪ್ರತೀತಿ. ಬದುಕುಳಿದವರಲ್ಲಿ ಸುಮಾರು 150 ಮಂದಿಯನ್ನು ಅಮೆರಿಕೆಗೆ ದುಡಿಯಲು ಸಾಗಿಸಿದರು. ಸತ್ತವರ ಗುರುತೇ ಇರಲಿಲ್ಲ. 2013ರಲ್ಲಿ ಕೋಟೆಯ ಸಮೀಪ ಕಟ್ಟಡದ ಕೆಲಸಕ್ಕೆ ನೆಲವನ್ನು ಅಗೆದಾಗ ಎಲುಬುಗಳು ಸಿಕ್ಕಿದುವು. ವಿದ್ವಾಂಸರು ಪರೀಕ್ಷಿಸಿ ಅವು ಆ ಸೆರೆಯಾಳುಗಳವೇ ಎಂದು ನಿರ್ಧರಿಸಿದರು. 2018ರಲ್ಲಿ ಅವುಗಳಿಗೆ ಗೌರವದಿಂದ ಮತ್ತೆ ಸಮಾಧಿಯಾಯಿತು.

ಕೋಟೆಯನ್ನು ನೋಡುವಾಗಲೂ ಈ ಸಂಗತಿ ನಮ್ಮ ಬೆನ್ನು ಬಿಡಲಿಲ್ಲ; ಕಾಯಿಲೆ ಬಿದ್ದ ಸೆರೆಯಾಳುಗಳನ್ನು ಇಟ್ಟುದು ಅಲ್ಲಿಯೇ. 1072ರಲ್ಲಿ ತೊಡಗಿದ ಈ ಕೋಟೆಯು ಬಹುಕಾಲ ಬಿಷಪ್ಪರ ಅರಮನೆಯಾಗಿದ್ದಿತು. ಅವರು ಧರ್ಮಗುರುಗಳೂ ಪ್ರಾಂತದ ಒಡೆಯರೂ ಆಗಿದ್ದು, ಸ್ವಂತ ನ್ಯಾಯಾಲಯ, ನಾಣ್ಯ, ಸೈನ್ಯಗಳನ್ನು ಇಟ್ಟುಕೊಂಡಿದ್ದರು. ಆ ಅಧಿಕಾರದಲ್ಲಿ ಉಳಿದುದು 1836ರಲ್ಲಿ ಕೊನೆಗೊಂಡಿತು. ಈಗ ಕೋಟೆಯಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ವಾಸಿಸುವರು. ಒಡೆಯರ ಭೋಜನಶಾಲೆಯಲ್ಲಿ ಹುಡುಗರೂ ಹುಡುಗಿಯರೂ ಉಣ್ಣುವರು.

ನದಿಯ ದಡದಲ್ಲಿ ಬುತ್ತಿಯನ್ನು ಬಿಚ್ಚಿದಾಗ ನಮ್ಮೊಳಗೆ ವಾದವೆದ್ದಿತು. "ಪುಣ್ಯಸ್ಥಳದಲ್ಲಿ ಇಂಥ ಕ್ರೌರ್ಯವನ್ನು ಎತ್ತಿ ತೋರಿಸುವುದೇಕೆ? ಬಂದವರ ಮನಸ್ಸಿಗೆ ಶಾಂತಿ ಸಿಗಲಿ" ಎಂದರು ಹಿರಿಯ ಸ್ನೇಹಿತರು. ಕಿರಿಯಳು ಒಪ್ಪಲಿಲ್ಲ. "ಮುಚ್ಚಿಟ್ಟು ಕೊಡುವ ಶಾಂತಿ ಯಾರಿಗೆ ಬೇಕು, ಅಕ್ಕ? ಆ ಹುಡುಗರಿಗೂ ತಾಯಂದಿರು ಇದ್ದರಲ್ಲವೆ? ಮಗನ ಗೋರಿ ಎಲ್ಲಿಯೆಂದು ತಿಳಿಯದೆ ಅವರು ಕಣ್ಣು ಮುಚ್ಚಿರಬೇಕು" ಎಂದಳು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಎರಡನ್ನೂ ಹೇಳಲಿ, ಬಡಿಗುಂಡಿನ ಕಥೆಯನ್ನು ಬಿಟ್ಟು ಇದೊಂದನ್ನೇ ಹೇಳಬಾರದು" ಎಂದರು. ನನಗೆ ಇಬ್ಬರ ಮಾತೂ ಸರಿಯೆಂದು ತೋರಿತು.

ಬಾಗಿಲೂ ಗೋಡೆಗಳೂ ಅವೇ. ಕಾಲ ಬದಲಾಗಿ, ಬೀಗದ ಕೈ ಹಿಡಿದವರು ಬದಲಾದರು. ಬಡಿಗುಂಡನ್ನು ಬಡಿದು ಬಂದವನಿಗೆ ಅನ್ನವನ್ನು ಕೊಟ್ಟುದು ಕಲ್ಲಲ್ಲ. 1650ರಲ್ಲಿ ಕೊಡದಿದ್ದುದೂ ಕಲ್ಲಲ್ಲ. ಸ್ಥಳವು ತಾನಾಗಿಯೇ ಪವಿತ್ರವಾಗಿ ಉಳಿಯಲಾರದು. ಒಳಗಿರುವವರು ದಿನದಿನವೂ ಅದನ್ನು ಹಾಗೆ ಉಳಿಸಿಕೊಳ್ಳಬೇಕು. ಈ ಮಾತು ದೊಡ್ಡ ದೇವಾಲಯಗಳಿಗೆ ಮಾತ್ರವಲ್ಲ, ನಾಲ್ಕು ಜನರಿರುವ ಮನೆಗೂ ಸಲ್ಲುವುದು. ಹೊಸ್ತಿಲಿಗೆ ರಂಗೋಲಿಯಿಟ್ಟ ಮಾತ್ರಕ್ಕೆ ಬಾಗಿಲು ಮಂಗಳವಾಗದು. ಹಸಿದು ಬಂದವನಿಗೆ, ತಪ್ಪು ಮಾಡಿ ಮರಳಿದವನಿಗೆ ಅದು ತೆರೆದಾಗಲೇ ಮಂಗಳ.