ಪಹಣಿಯನ್ನು ಓದಲಾರದವನು ಗಣಕವನ್ನೇನು ಕಲಿತಾನು?



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಗಣಕಶಾಸ್ತ್ರ ಓದುವ ಮಗನೋ ಮಗಳೋ ಇಲ್ಲದ ಮನೆ ಈಗ ವಿರಳ. ಸಂತೋಷವೇ. ಆದರೆ ಆ ಮಕ್ಕಳು ಏನನ್ನು ಕಲಿಯುತ್ತಿದ್ದಾರೆಂದು ನೀವು ಎಂದಾದರೂ ವಿಚಾರಿಸಿದ್ದೀರಾ? ಮಾಹಿತಿ ವ್ಯವಸ್ಥೆಗಳ ವಿನ್ಯಾಸ ಹಾಗೂ ಅನುಷ್ಠಾನವೆಂಬ ಘನವಾದ ವಿಷಯವೊಂದು ಅವರ ಪಠ್ಯಕ್ರಮದಲ್ಲಿದೆ. ವಿಶ್ಲೇಷಣೆ, ವಿನ್ಯಾಸ, ರಚನೆ, ಪರೀಕ್ಷೆ, ಅನುಷ್ಠಾನವೆಂದು ಹಂತಗಳನ್ನು ಕಂಠಪಾಠ ಮಾಡಿ, ಜಲಪಾತದಂತೆ ಇಳಿಯುವ ಚಿತ್ರವೊಂದನ್ನು ಬರೆದರೆ ತೇರ್ಗಡೆ ನಿಶ್ಚಿತ. 1970ರಲ್ಲಿ ಆ ಹಂತಗಳನ್ನು ಚಿತ್ರಿಸಿದ ವಿನ್‌ಸ್ಟನ್ ರಾಯ್ಸ್ ಎಂಬ ಅಮೆರಿಕದ ತಜ್ಞನೇ, ಹೀಗೆ ಹಿಂತಿರುಗಿ ನೋಡದೆ ಇಳಿದುಹೋಗುವುದು ಅಪಾಯಕಾರಿಯೆಂದು ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದನು. ಚಿತ್ರ ಉಳಿಯಿತು, ಎಚ್ಚರಿಕೆ ಅಳಿಯಿತು!

ಈಗ ಆ ಪದವೀಧರನ ಕೈಗೆ ಅವನ ತಂದೆಯ ಪಹಣಿಯನ್ನು ಕೊಟ್ಟು ಓದೆನ್ನಿರಿ. ಒಂಬತ್ತನೆಯ ಅಂಕಣದಲ್ಲಿ ಯಾರ ಹೆಸರಿದೆ, ಹನ್ನೊಂದನೆಯದರಲ್ಲಿ ಯಾವ ಋಣವಿದೆ, ಹನ್ನೆರಡನೆಯದು ಏತಕ್ಕೆ ಇದೆ ಎಂದು ಕೇಳಿರಿ. ಅವನು ತಂದೆಯ ಮುಖವನ್ನು ನೋಡುತ್ತಾನೆ. ತನ್ನ ಮನೆಯ ಅನ್ನಕ್ಕೆ ಆಧಾರವಾದ ಕಾಗದವನ್ನು ಅರಿಯದವನು ಪರರ ವ್ಯವಹಾರಕ್ಕೆ ವ್ಯವಸ್ಥೆ ರೂಪಿಸುವನೆಂದರೆ ನಂಬುವುದು ಹೇಗೆ?

ಈ ವಿದ್ಯೆಯ ಸಮಸ್ತ ತತ್ತ್ವಗಳೂ ನಮ್ಮ ತಾಲ್ಲೂಕು ಕಚೇರಿಯಲ್ಲೇ ಇವೆ ಎಂಬುದು ನನ್ನ ವಾದ. ‘ಭೂಮಿ’ ಯೋಜನೆಯನ್ನೇ ನೋಡಿರಿ. ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ರೈತರ ಹೆಸರುಗಳೊಡನೆ, ಗ್ರಾಮ ಲೆಕ್ಕಿಗರ ಪುಸ್ತಕಗಳಿಂದ ಗಣಕಕ್ಕೆ ಏರಿಸಿ, 2002ರ ಹೊತ್ತಿಗೆ ನಾಡಿನ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಒಂದು ಪ್ರತಿಯಂತೆ ಕೊಡಲಾಯಿತು. ಇದನ್ನು ಹೀಯಾಳಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಲೆಕ್ಕಿಗರ ಮನೆಯ ಜಗಲಿಯಲ್ಲಿ ಕಾದು ಕುಳಿತವರಿಗೆ ಅದರ ಬೆಲೆ ಗೊತ್ತು. ಬಂದ ಅರ್ಜಿಯನ್ನು ಬಂದ ಸರದಿಯಲ್ಲೇ ತೀರಿಸಬೇಕೆಂಬ ಕಟ್ಟು, ನೌಕರನು ಬೆರಳಚ್ಚು ಒತ್ತದೆ ಯಂತ್ರವನ್ನು ತೆರೆಯಲಾಗದೆಂಬ ಕಾವಲು, ಕಿಟಕಿಯ ಈಚೆ ನಿಂತ ರೈತನಿಗೂ ಕಾಣುವಂತೆ ಇಟ್ಟ ಎರಡನೆಯ ಪರದೆ, ಇವು ವಿನ್ಯಾಸದ ಜಾಣ್ಮೆಗಳು. ಆ ಎರಡನೆಯ ಪರದೆಯೊಂದನ್ನೇ ಕುರಿತು ಒಂದು ವಾರ ಪಾಠ ಮಾಡಬಹುದು. ಯಾವ ಕಾಲೇಜಿನಲ್ಲಿ ಮಾಡುತ್ತಾರೆ?

ಆದರೆ ಗಣಕಕ್ಕೆ ಏರಿದ್ದು ಸತ್ಯವಲ್ಲ, ಪುಸ್ತಕದಲ್ಲಿ ಬರೆದಿದ್ದ ನಮೂದು. ಪುಸ್ತಕದ ತಪ್ಪೂ ಏರಿತು, ಬೆರಳು ತಪ್ಪಿದವರ ತಪ್ಪೂ ಸೇರಿತು. 1964ರ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣವಾದರೋ ಅನ್ಯಥಾ ಸಿದ್ಧವಾಗುವವರೆಗೆ ಹಕ್ಕುದಾಖಲೆಯ ನಮೂದನ್ನು ನಿಜವೆಂದೇ ಭಾವಿಸಬೇಕೆನ್ನುತ್ತದೆ. ಅಂದಮೇಲೆ ಒಂದಕ್ಷರ ತಪ್ಪಿದರೆ, ಆ ತಪ್ಪು ತಪ್ಪೆಂದು ರುಜುವಾತು ಮಾಡುವ ಹೊರೆ ಮಳೆಯಲ್ಲಿ ಬಸ್ಸು ಹಿಡಿದು ಬರುವ ಮುದುಕನ ಹೆಗಲಿಗೆ! ‘ಗಣಕ ಸುಳ್ಳು ಹೇಳದು’ ಎನ್ನುವ ವಿದ್ಯಾವಂತರು ಈ ಹೊರೆಯನ್ನು ಎಂದೂ ಹೊತ್ತವರಲ್ಲ.

ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿರಿ. ಸರ್ಕಾರಕ್ಕೆ ನರಸಿಂಹರಾಜಪುರ, ಬಸ್ಸಿನ ಫಲಕಕ್ಕೆ ಎನ್.ಆರ್.ಪುರ, ಹಳಬರ ಬಾಯಿಗೆ ಎಡೇಹಳ್ಳಿ. ನಮಗೆ ಒಂದೂರು, ಯಂತ್ರಕ್ಕೆ ಮೂರು. ಊರಿಗೇ ಹೀಗಾದರೆ, ಮನೆಯಲ್ಲೊಂದು ಶಾಲೆಯಲ್ಲೊಂದು ಹೆಸರಿರುವ ಮನುಷ್ಯನ ಪಾಡೇನು?

ಇನ್ನು ಕಾನು ಮತ್ತು ಸೊಪ್ಪಿನ ಬೆಟ್ಟ. ಹಳೆಯ ಮೈಸೂರು ಸೀಮೆಯ ಈ ಭೂಮಿಗಳ ಮೇಲಿನ ಸವಲತ್ತುಗಳನ್ನು ಅದೇ ಅಧಿನಿಯಮದ 79ನೆಯ ಪ್ರಕರಣ ಕಾಪಾಡಿದೆ. ಸೊಪ್ಪನ್ನು ತೋಟದವನು ತರುತ್ತಾನೆ, ನೆಲ ಅವನದಲ್ಲ. ಅದು ಒಡೆತನವೂ ಅಲ್ಲ, ಗೇಣಿಯೂ ಅಲ್ಲ. ‘ಮಾಲೀಕ’ ಎಂಬ ಒಂದೇ ಚೌಕವನ್ನು ಎಳೆದುಕೊಂಡು ಬರುವ ಪೇಟೆಯ ತರುಣನು ಇದನ್ನು ಎಲ್ಲಿ ತುಂಬುತ್ತಾನೆ? ತುಂಬಲಾಗದ್ದನ್ನು ಬಿಡುತ್ತಾನೆ. ಬಿಟ್ಟದ್ದು ಕಾಲಾಂತರದಲ್ಲಿ ಇಲ್ಲವೆಂದೇ ಆಗುತ್ತದೆ. ಸಾಗುವಳಿಯ ಅಂಕಣವನ್ನೂ ಒಂದು ಕಾಲಕ್ಕೆ ಯಾರೂ ಗಣಿಸುತ್ತಿರಲಿಲ್ಲ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿದಾರರು ನ್ಯಾಯಮಂಡಳಿಯ ಮುಂದೆ ನಿಂತಾಗ, ಆ ಅಂಕಣದ ಒಂದು ಸಾಲು ಎಷ್ಟು ಕುಟುಂಬಗಳ ಹಣೆಬರಹವನ್ನು ಬದಲಿಸಿತೆಂಬುದು ನಿಮ್ಮಲ್ಲಿ ಅನೇಕರ ಮನೆಯ ಕಥೆಯೇ ಆಗಿದೆ.

ಒಂದು ಸಂಗತಿಯನ್ನು ಒಂದೇ ಕಡೆ ಬರೆದಿಡಬೇಕು, ಉಳಿದವರು ಅಲ್ಲಿಂದಲೇ ಓದಬೇಕು. 1970ರಲ್ಲಿ ಎಡ್ಗರ್ ಕಾಡ್ ಎಂಬ ವಿದ್ವಾಂಸನು ಹಾಕಿಕೊಟ್ಟ ತಳಹದಿಯಿಂದ ಬೆಳೆದ ತತ್ತ್ವವಿದು. ನಮ್ಮಲ್ಲಿ ಹಕ್ಕಿನ ದಾಖಲೆ ಕಂದಾಯ ಇಲಾಖೆಯ ‘ಭೂಮಿ’ಯಲ್ಲಿ, ಕ್ರಯದ ನೋಂದಣಿ ‘ಕಾವೇರಿ’ಯಲ್ಲಿ, ಅಳತೆ ಭೂಮಾಪನ ಇಲಾಖೆಯ ‘ಮೋಜಿಣಿ’ಯಲ್ಲಿ. ಇವನ್ನು ಹೊಂದಿಸಲು ವರ್ಷಗಳೇ ಹಿಡಿದವು. ಇಂದಿಗೂ ಪಹಣಿಯ ವಿಸ್ತೀರ್ಣವೊಂದು, ಆಕಾರಬಂದಿನ ವಿಸ್ತೀರ್ಣ ಮತ್ತೊಂದು ಎಂದು ಅಲೆಯುವವರುಂಟು. ಕಾಡ್‌ನ ಹೆಸರನ್ನು ಉತ್ತರಪತ್ರಿಕೆಯಲ್ಲಿ ಬರೆದು ಬಂದ ಮಗನು ತಂದೆಯ ಈ ಅಲೆದಾಟವೇ ಆ ಪಾಠವೆಂದು ಅರಿಯನು.

ಮಠದ ಪ್ರಸಾದ ನಿಲಯದಲ್ಲಿ ಓದಿ ಇಂದು ಕಾಲೇಜುಗಳಲ್ಲಿ ಗಣಕವಿಜ್ಞಾನ ಬೋಧಿಸುತ್ತಿರುವ ಹಳೆಯ ವಿದ್ಯಾರ್ಥಿಗಳೇ, ನನ್ನ ಮೇಲೆ ಸಿಟ್ಟಾಗಿರಿ, ಅಡ್ಡಿಯಿಲ್ಲ. ಆದರೆ ಬರುವ ರಜೆಯಲ್ಲಿ ನಿಮ್ಮ ಶಿಷ್ಯರನ್ನು ಕೊಪ್ಪಕ್ಕೋ ಶೃಂಗೇರಿಗೋ ಕಳುಹಿಸಿರಿ. ಒಬ್ಬೊಬ್ಬನೂ ಒಂದೊಂದು ಪೌತಿ ಖಾತೆಯ ಅರ್ಜಿಯ ಬೆನ್ನು ಹತ್ತಲಿ. ಅರ್ಜಿ ಯಾವ ಮೇಜಿನಲ್ಲಿ ಎಷ್ಟು ದಿನ ಮಲಗಿತು, ಗ್ರಾಮ ಆಡಳಿತಾಧಿಕಾರಿ ಏನು ಕೇಳಿದರು, ಶಿರಸ್ತೇದಾರರು ಯಾವ ಕಾರಣಕ್ಕೆ ಹಿಂತಿರುಗಿಸಿದರು ಎಂಬುದನ್ನು ಕಾಗದದ ಮೇಲೆ, ಪೆನ್ಸಿಲಿನಲ್ಲಿ ಬರೆದು ತರಲಿ. ಗಣಕವನ್ನು ಮುಟ್ಟುವುದು ಆಮೇಲೆ. ತಂದ ಚಿತ್ರವನ್ನು ಅರ್ಜಿದಾರನ ಮನೆಯ ಹೆಣ್ಣುಮಗಳಿಗೆ ತೋರಿಸಿ, ‘ಹೀಗೇ ನಡೆಯಿತೇನಮ್ಮಾ?’ ಎಂದು ಕೇಳಲಿ. ಆಕೆ ಅಲ್ಲವೆಂದು ತಲೆಯಾಡಿಸಿದರೆ ಅಂಕ ಕೊಡಬೇಡಿರಿ, ಮರಳಿ ಕಳುಹಿಸಿರಿ.